ಕಾಣದ ರಥಕ್ಕೆ ಕಲ್ಲಿನ ಚಕ್ರ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಬಂದವರ ಕಣ್ಣು ಮೊದಲು ಹೋಗುವುದು ಆನೆಗಳ ಕಡೆಗೆ. ಗೋಡೆಯ ಬುಡದಲ್ಲಿ ಸಾಲುಗಟ್ಟಿ ನಿಂತ ಆನೆಗಳು ಸಾವಿರಕ್ಕೂ ಹೆಚ್ಚು. ಒಂದರಂತೆ ಇನ್ನೊಂದಿಲ್ಲ ಎಂದು ಗೈಡುಗಳು ಹೆಮ್ಮೆಯಿಂದ ಹೇಳುತ್ತಾರೆ. ಆನೆಗಳ ಮೇಲೆ ಸಿಂಹಗಳು, ಅವುಗಳ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಕುದುರೆ ಸವಾರರು, ಮತ್ತೆ ಬಳ್ಳಿ. ಅಷ್ಟರಲ್ಲಿ ಪ್ರವಾಸಿಗರ ಗುಂಪು ಮುಂದಕ್ಕೆ ಹೋಗಿರುತ್ತದೆ. ಆದರೆ ಕಥೆ ಇರುವುದು ಆರನೆಯ ಸಾಲಿನಲ್ಲಿ. ರಾಮಾಯಣ, ಮಹಾಭಾರತ, ಭಾಗವತ ಮೂರೂ ಅಲ್ಲಿ ಗೇಣು-ಮೊಳದ ಎತ್ತರದ ಪಟ್ಟಿಕೆಯೊಳಗೆ ಗೋಡೆಯ ಮೂಲೆ ಮೂಲೆಯನ್ನೂ ಸುತ್ತಿ ಸಾಗುತ್ತವೆ.

ಆ ಪಟ್ಟಿಕೆಯಲ್ಲಿ ಯುದ್ಧ ಬಂದಲ್ಲೆಲ್ಲ ರಥ ಬರುತ್ತದೆ. ಎದುರುಬದುರು ನಿಂತ ಎರಡು ರಥಗಳು, ಬಿಲ್ಲನ್ನು ಕಿವಿಯವರೆಗೆ ಸೆಳೆದ ಇಬ್ಬರು ವೀರರು, ನಡುವಿನ ಜಾಗವನ್ನು ತುಂಬಿದ ಬಾಣಗಳು. ರಥದ ಮುಂದೆ ಕುದುರೆ, ಹಗ್ಗ ಹಿಡಿದ ಸಾರಥಿ, ಕೆಳಗೆ ಪುಟ್ಟ ಚಕ್ರಗಳು. ಇಡೀ ವಾಹನ ಅಂಗೈ ಚಾಚಿದರೆ ಮುಚ್ಚಿಹೋಗುವಷ್ಟು. ಯುದ್ಧವಾಹನವೊಂದನ್ನು ಕಿರಿದಾಗಿಸಿ, ಭಾಗ ಭಾಗವಾಗಿ ಬಿಡಿಸಿ ತೋರಿಸುವ ಕೆಲಸ ಎಂಟುನೂರು ವರ್ಷಗಳಿಗೂ ಹಿಂದೆ ಇಲ್ಲಿ ನಡೆದಿದೆ.

ಇದೇ ಕೆಲಸವನ್ನು ಇಂದು ಬೇರೊಂದು ರೀತಿಯಲ್ಲಿ ಮಾಡುವವರಿದ್ದಾರೆ. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ಮಿಲಿಟರಿ ಲಾರಿ, ಟ್ಯಾಂಕು, ಜೀಪುಗಳ ಕಿರು ಮಾದರಿ ಮಾಡುವುದು ಜಗತ್ತಿನಾದ್ಯಂತ ಹಬ್ಬಿರುವ ಹವ್ಯಾಸ. ಇದರಲ್ಲಿ ಬಹು ಪ್ರಚಲಿತವಾದ ಅಳತೆ 1:35. ಅಂದರೆ ನಿಜವಾದ ವಾಹನದ ಮೂವತ್ತೈದು ಅಂಗುಲ ಮಾದರಿಯಲ್ಲಿ ಒಂದು ಅಂಗುಲ. ಈ ವಿಚಿತ್ರ ಸಂಖ್ಯೆಯ ಹಿಂದೆ ಯಾವ ಶಾಸ್ತ್ರವೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಆಟಿಕೆ ಮಾಡಲು ಹೊರಟಾಗ ಅದರ ಹೊಟ್ಟೆಯೊಳಗೆ ಬ್ಯಾಟರಿ, ಮೋಟರುಗಳನ್ನು ಕೂರಿಸಬೇಕಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಮಾಡಿ ಅಳೆದು ನೋಡಿದಾಗ ಬಂದ ಲೆಕ್ಕ ಅದು. ಮುಂದೆ ಎಲ್ಲರೂ ಅದನ್ನೇ ಹಿಡಿದರು. ಏಳು ಮೀಟರ್ ಉದ್ದದ ಮಿಲಿಟರಿ ಲಾರಿ ಈ ಅಳತೆಯಲ್ಲಿ ಇಪ್ಪತ್ತು ಸೆಂಟಿಮೀಟರಿಗೆ, ಹೆಚ್ಚುಕಡಿಮೆ ಒಂದು ಗೇಣಿಗೆ ಇಳಿಯುತ್ತದೆ. ಹಳೇಬೀಡಿನ ರಥಗಳೂ ಗೇಣಿನ ಆಸುಪಾಸಿನವೇ.

ಲಾರಿಯ ಮಾದರಿ ಮಾಡುವವನ ಕಷ್ಟ ಅಂಟಿಸುವುದರಲ್ಲಿಲ್ಲ. ಅದನ್ನು ಮಕ್ಕಳೂ ಮಾಡಿಯಾರು. ಕಷ್ಟವಿರುವುದು ಸೂಕ್ಷ್ಮ ಕೆಲಸದಲ್ಲಿ. ಎಂಜಿನ್ನಿಗೆ ಹೋಗುವ ಕೊಳವೆಗೆ ಕೂದಲೆಳೆಯಂಥ ತಂತಿ ಬೇಕು. ಹಿಂದಿನ ತಾಡಪಾಲಿಗೆ ತೆಳು ಕಾಗದವನ್ನು ಗೋಂದಿನಲ್ಲಿ ನೆನೆಸಿ ಮಡಿಕೆ ಬೀಳಿಸಬೇಕು. ಚಕ್ರಕ್ಕೆ ಕೆಸರು, ಬಾಗಿಲ ಅಂಚಿಗೆ ತುಕ್ಕು, ಬಂಪರಿನ ಮೇಲೆ ಪಡೆಯ ಗುರುತು. ಇದಕ್ಕೆಲ್ಲ ಅವನು ಎದುರಿಗೆ ಫೋಟೊ, ನಕ್ಷೆ ಇಟ್ಟುಕೊಳ್ಳುತ್ತಾನೆ. ಭಾರತೀಯ ಸೇನೆಯ ಶಕ್ತಿಮಾನ್ ಲಾರಿಯನ್ನೇ ತೆಗೆದುಕೊಳ್ಳಿ. ಜರ್ಮನಿಯ ಎಂ.ಎ.ಎನ್. ಕಂಪನಿಯ ಪರವಾನಗಿಯ ಮೇಲೆ 1959ರಿಂದ ಜಬಲ್ಪುರದಲ್ಲಿ ತಯಾರಾದ ಈ ಲಾರಿಯ ಉತ್ಪಾದನೆ 1996ರಲ್ಲಿ ನಿಂತಿತು. ಆದರೂ ಅದರ ಚಿತ್ರಗಳಿವೆ, ಓಡಿಸಿದ ಚಾಲಕರಿದ್ದಾರೆ. ಬಾನೆಟ್ಟಿನ ಆಕಾರ ತಪ್ಪಿದರೆ ನಿವೃತ್ತ ಯೋಧರೊಬ್ಬರು ಕೂಡಲೇ ಹೇಳಬಲ್ಲರು.

ಹೊಯ್ಸಳ ಶಿಲ್ಪಿಗೆ ಹೀಗೆ ಹೇಳುವವರು ಯಾರಿದ್ದರು? ಅವನು ಕೆತ್ತುತ್ತಿದ್ದ ವಾಹನ ರಣರಂಗದಿಂದ ಮರೆಯಾಗಿ ಶತಮಾನಗಳೇ ಕಳೆದಿದ್ದವು.

ರಥ ಕೈಬಿಟ್ಟ ಸೇನೆ

ವೇದಗಳ ಕಾಲದಲ್ಲಿ ರಥ ರಾಜನ ಮುಖ್ಯ ಯುದ್ಧಸಾಧನ. ಅದು ಹಗುರ, ಅದರ ಚಕ್ರ ಅರಗಳದ್ದು, ಎಂದರೆ ನಡುವಿನ ಗುಂಬದಿಂದ ಅಂಚಿಗೆ ಹಾಯ್ದ ಕಡ್ಡಿಗಳದ್ದು. ಗಟ್ಟಿ ಹಲಗೆಯ ಚಕ್ರ ಭಾರ ಹೊರುತ್ತದೆ, ಅರದ ಚಕ್ರ ಓಡುತ್ತದೆ. ಉತ್ತರ ಪ್ರದೇಶದ ಸಿನೌಲಿಯಲ್ಲಿ 2018ರಲ್ಲಿ ಸಿಕ್ಕ, ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ವಾಹನಗಳ ಚಕ್ರ ಗಟ್ಟಿಯಾದುದು. ಅದನ್ನು ರಥ ಎನ್ನಬೇಕೋ ಬಂಡಿ ಎನ್ನಬೇಕೋ ಎಂಬ ವಾದ ಎದ್ದಿರುವುದಕ್ಕೆ ಇದೂ ಒಂದು ಕಾರಣ.

ರಥದ ದೌರ್ಬಲ್ಯವೂ ಚಕ್ರದಲ್ಲೇ ಇತ್ತು. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಅಲೆಕ್ಸಾಂಡರನಿಗೆ ಎದುರಾದ ಪೌರವ ರಾಜನ ರಥಗಳು ಭಾರೀ ಗಾತ್ರದವು. ಪ್ರತಿ ರಥಕ್ಕೆ ನಾಲ್ಕು ಕುದುರೆ, ಆರು ಜನ: ಗುರಾಣಿ ಹಿಡಿಯಲು ಇಬ್ಬರು, ಬಿಲ್ಲು ಹಿಡಿಯಲು ಇಬ್ಬರು, ಓಡಿಸಲು ಇಬ್ಬರು ಎಂದು ರೋಮನ್ ಲೇಖಕ ಕರ್ಟಿಯಸ್ ಬರೆಯುತ್ತಾನೆ. ಮಳೆ ಬಂದು ನೆಲ ಕೆಸರಾಗಿತ್ತು. ರಥಗಳು ಹೂತು ನಿಂತವು. ಸವಾರರ ದಾಳಿಗೆ ಅವು ಸುಲಭದ ತುತ್ತಾದವು.

ಆ ಬಳಿಕ ರಥ ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಏಳನೆಯ ಶತಮಾನದ ಹೊತ್ತಿಗೆ, ಹರ್ಷನ ಸೇನೆಯನ್ನು ಕಣ್ಣಾರೆ ಕಂಡು ವಿಸ್ತಾರವಾಗಿ ಬಣ್ಣಿಸಿದ ಬಾಣಭಟ್ಟನ ಬರಹದಲ್ಲಿ ಆನೆ, ಕುದುರೆ, ಕಾಲಾಳು ಇವೆ, ರಥದಳವಿಲ್ಲ. ಮಾತಿನಲ್ಲಿ ಮಾತ್ರ ಸೇನೆ 'ಚತುರಂಗ'ವಾಗಿಯೇ ಉಳಿಯಿತು. ಆ ಹೆಸರಿನ ಆಟದಲ್ಲೂ ಇದೇ ಗತಿ. ಹಳೆಯ ಚತುರಂಗದ ಮೂಲೆಯ ಮನೆಯಲ್ಲಿದ್ದುದು ರಥ. ಇಂದು ನಮ್ಮ ಮಕ್ಕಳು ಅದೇ ಮನೆಯಲ್ಲಿ ಆನೆಯನ್ನು ಇಟ್ಟು ಆಡುತ್ತಾರೆ.

ಹೊಯ್ಸಳರ ಕಾಲದ ಯುದ್ಧ ಹೇಗಿತ್ತೆಂದು ತಿಳಿಯಲು ಗುಡಿಗಿಂತ ನಂಬಬಹುದಾದ ಸಾಕ್ಷಿ ಊರ ಹೊರಗಿನ ವೀರಗಲ್ಲುಗಳು. ಅರಸೀಕೆರೆ, ಬೇಲೂರು ಸೀಮೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಪಕ್ಕ, ಕೆಲವೊಮ್ಮೆ ಹೊಲದ ಬದುವಿನಲ್ಲಿ ಅವು ನಿಂತಿವೆ. ತುರು ಕಾಯಲು, ಊರು ಉಳಿಸಲು, ಒಡೆಯನಿಗಾಗಿ ಸತ್ತವರ ನೆನಪು ಅವು. ಸತ್ತವನನ್ನು ಕಂಡಿದ್ದವರೇ ಅದನ್ನು ನಿಲ್ಲಿಸುತ್ತಿದ್ದರಾದ್ದರಿಂದ ಕೆಳಗಿನ ಪಟ್ಟಿಯ ಕಾಳಗದಲ್ಲಿ ಇರುವುದು ಕಾಲಾಳು, ಬಿಲ್ಲು, ಕತ್ತಿ, ಗುರಾಣಿ, ಕುದುರೆ, ಕೆಲವೆಡೆ ಆನೆ. ರಥವೇರಿ ಕಾದಿದ ವೀರನನ್ನು ಅಲ್ಲಿ ಹುಡುಕುವುದು ವ್ಯರ್ಥ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದು 'ತಲಕಾಡುಗೊಂಡ' ಎನಿಸಿದ ವಿಷ್ಣುವರ್ಧನನ ದಂಡು ಕುದುರೆ, ಆನೆ, ಕಾಲಾಳುಗಳ ದಂಡು. ಮರುವರ್ಷ, 1117ರಲ್ಲಿ, ಅವನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಅದಾದ ಕೆಲವೇ ವರ್ಷಗಳಲ್ಲಿ, 1121ರ ಸುಮಾರಿಗೆ, ಅವನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳೇಶ್ವರದ ಕೆಲಸ ಆರಂಭವಾಯಿತು.

ಕಂಡದ್ದು, ಕೇಳಿದ್ದು

ಒಂದೇ ಗೋಡೆಯ ಮೇಲೆ ಕುದುರೆ ಸವಾರರ ಸಾಲನ್ನೂ ಅದಕ್ಕೆ ಎರಡು ಸಾಲು ಮೇಲಿರುವ ರಥಗಳನ್ನೂ ಹೋಲಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಕುದುರೆಯ ಬಾಯಿಗೆ ಲಗಾಮು, ಬೆನ್ನಿಗೆ ಜೀನು, ಎದೆಗೆ ಪಟ್ಟಿ, ಸವಾರನ ಪಾದಕ್ಕೆ ರಿಕಾಪು ಎಲ್ಲ ಅದರದರ ಜಾಗದಲ್ಲಿವೆ. ಯಾವ ಪಟ್ಟಿ ಯಾವುದಕ್ಕೆ ಬಿಗಿದಿದೆ, ಎಲ್ಲಿ ಗಂಟು ಬಿದ್ದಿದೆ ಎಂಬುದು ತಿಳಿಯುತ್ತದೆ. ಭಾರತದ ಹಳೆಯ ರಸ್ತೆ ಮತ್ತು ವಾಹನಗಳ ಚರಿತ್ರೆಯಲ್ಲಿ ಪಳಗಿದ್ದ ಫ್ರೆಂಚ್ ವಿದ್ವಾಂಸ ಝಾನ್ ದೆಲೋಶ್ 1989ರಲ್ಲಿ ಹೊಯ್ಸಳ ಶಿಲ್ಪಗಳಲ್ಲಿ ಕಾಣುವ ಸೇನಾ ತಂತ್ರಜ್ಞಾನವನ್ನೇ ವಿಷಯವಾಗಿಟ್ಟುಕೊಂಡು ಪುಸ್ತಕ ಪ್ರಕಟಿಸಿದರು. ಗುಡಿಯ ಗೋಡೆಯನ್ನು ಹೀಗೆ ಸೇನೆಯ ದಾಸ್ತಾನು ಪಟ್ಟಿಯಂತೆ ಓದಲು ಸಾಧ್ಯವಾದದ್ದು ಶಿಲ್ಪಿಗಳ ಈ ನಿಷ್ಠೆಯಿಂದಲೇ. ಕುದುರೆ ಹೊಯ್ಸಳರ ಬಲ. ಅರಬ್ಬೀ ಸಮುದ್ರದಾಚೆಯಿಂದ ಬಂದ ಕುದುರೆಗಳು ರಾಜಧಾನಿಯ ಬೀದಿಯಲ್ಲಿ ಓಡಾಡುತ್ತಿದ್ದವು. ಲಾಯಕ್ಕೆ ಹೋಗಿ ನೋಡಿ ಬಂದು ಕೆತ್ತಬಹುದಿತ್ತು.

ರಥದ ವಿಷಯ ಬೇರೆ. ಕುದುರೆಯನ್ನು ರಥಕ್ಕೆ ಹೂಡಿದ ಬಗೆ ಅನೇಕ ಕಡೆ ಅಸ್ಪಷ್ಟ. ಕಾವ್ಯ ನಾಲ್ಕು ಕುದುರೆ ಎಂದರೂ ಕಲ್ಲಿನಲ್ಲಿ ಅಷ್ಟಕ್ಕೆ ಜಾಗವಿಲ್ಲ. ಚಕ್ರಗಳಂತೂ ಬಿಲ್ಲುಗಾರನ ಎತ್ತರಕ್ಕೆ ಹೋಲಿಸಿದರೆ ತೀರ ಚಿಕ್ಕವು. ಈಜಿಪ್ಟಿನಲ್ಲಿ 1922ರಲ್ಲಿ ಪತ್ತೆಯಾದ ತುತಾಂಖಮನ್ ಸಮಾಧಿಯಲ್ಲಿ ಆರು ನಿಜವಾದ ರಥಗಳು ಸಿಕ್ಕವು. ಅವುಗಳ ಚಕ್ರದ ಅಡ್ಡಳತೆ ತೊಂಬತ್ತು ಸೆಂಟಿಮೀಟರಿನ ಆಸುಪಾಸು, ನಿಂತವನ ತೊಡೆಯ ಮಟ್ಟ. ಆಟಿಕೆಯ ಕಿಟ್ಟಿನ ಹಾಗೆ ಬಿಡಿಬಿಡಿಯಾಗಿ ಅವುಗಳನ್ನು ಒಳಗಿಟ್ಟಿದ್ದರು. ಓಣಿ ಕಿರಿದಾಗಿದ್ದರಿಂದ ಅಚ್ಚುಗಳನ್ನು ಗರಗಸದಿಂದ ಕೊಯ್ದಿದ್ದರು. ಹಳೇಬೀಡಿನ ಪುಟ್ಟ ಚಕ್ರದ ರಥವನ್ನು ಅದೇ ಪ್ರಮಾಣದಲ್ಲಿ ದೊಡ್ಡದು ಮಾಡಿ ಉಬ್ಬುತಗ್ಗಿನ ಬಯಲಿಗೆ ಬಿಟ್ಟರೆ ಹತ್ತು ಮಾರು ದೂರ ಹೋಗುವುದೂ ಕಷ್ಟ.

ಹಾಗೆಂದು ಶಿಲ್ಪಿಗೆ ಅಳತೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ಮೂರ್ತಿಯ ಅಂಗಾಂಗಗಳನ್ನು ತಾಳಮಾನದಲ್ಲಿ ಲೆಕ್ಕಹಾಕುತ್ತಿದ್ದ ಜನ ಅವರು. ಪಟ್ಟಿಕೆಯಲ್ಲಿ ಎರಡು ಅಳತೆಗಳನ್ನು ಅವರು ಬೇಕೆಂದೇ ಬೆರೆಸಿದ್ದಾರೆ. ಮನುಷ್ಯನಿಗೆ ಒಂದು, ವಾಹನಕ್ಕೆ ಇನ್ನೊಂದು. ರಥವನ್ನು ಸರಿಯಾದ ಪ್ರಮಾಣದಲ್ಲಿ ತೋರಿಸಿದರೆ ಅದೇ ಜಾಗವನ್ನೆಲ್ಲ ನುಂಗಿ, ಅರ್ಜುನ ಬೆರಳುದ್ದಕ್ಕೆ ಇಳಿಯುತ್ತಾನೆ. ಪ್ರದಕ್ಷಿಣೆ ಹಾಕುತ್ತ ಬರುವವನಿಗೆ ಅರ್ಜುನ ಕಾಣಬೇಕು. ಯಕ್ಷಗಾನದ ರಂಗದಲ್ಲಿ ರಥವೇ ಇಲ್ಲದೆ, ವೇಷಧಾರಿಯ ಹೆಜ್ಜೆಯಲ್ಲೇ ರಥ ಓಡುವುದನ್ನು ಒಪ್ಪಿಕೊಳ್ಳುವ ನಾಡಿನಲ್ಲಿ ಇದನ್ನು ತಪ್ಪೆಂದು ಯಾರು ಹೇಳಿಯಾರು?

ಇನ್ನೂ ಧೈರ್ಯದ ಕೆಲಸ ಚಕ್ರವ್ಯೂಹದ್ದು. ಅಭಿಮನ್ಯು ನುಗ್ಗುವ ಆ ವ್ಯೂಹವನ್ನು ಹಳೇಬೀಡಿನ ಶಿಲ್ಪಿ ಸುತ್ತು ಸುತ್ತಾದ ದಾರಿಗಳ ಜಾಲವಾಗಿ ಬಿಡಿಸಿದ್ದಾನೆ. ಅದು ಆಕಾಶದಿಂದ ಕೆಳಗೆ ನೋಡಿದಂಥ ನಕ್ಷೆ. ಅದರ ಅಕ್ಕಪಕ್ಕದ ಯೋಧರು ಮಾತ್ರ ನಮ್ಮೆದುರು ನಿಂತಂತಿದ್ದಾರೆ. ಒಂದೇ ಕಲ್ಲಿನಲ್ಲಿ ಮೇಲಿನ ನೋಟ, ಪಕ್ಕದ ನೋಟ ಎರಡೂ. ಎಂಜಿನಿಯರು ಎರಡು ಹಾಳೆಗಳಲ್ಲಿ ಬರೆಯುವುದನ್ನು ಅವನು ಒಂದರಲ್ಲೇ ಮುಗಿಸಿದ.

ಗುರುತುಗಳ ವಿಷಯದಲ್ಲೂ ಇಂದಿನ ಮಾದರಿಗಾರನಿಗೂ ಅವನಿಗೂ ಹೋಲಿಕೆಯಿದೆ. ಲಾರಿಯ ಬಂಪರಿನ ಮೇಲಿನ ಪುಟ್ಟ ಚಿಹ್ನೆ ಅದು ಯಾವ ಪಡೆಯದೆಂದು ಹೇಳುತ್ತದೆ. ಮಹಾಭಾರತದಲ್ಲಿ ಆ ಕೆಲಸ ಧ್ವಜದ್ದು. ಕಪಿಯಿದ್ದರೆ ಅರ್ಜುನ, ತಾಳೆಮರವಿದ್ದರೆ ಭೀಷ್ಮ, ಹಾವಿದ್ದರೆ ದುರ್ಯೋಧನ, ಆನೆಯ ಹಗ್ಗವಿದ್ದರೆ ಕರ್ಣ. ಅಕ್ಷರ ಬಾರದವನಿಗೂ ಕಥೆ ಗೊತ್ತಿದ್ದರೆ ಸಾಕಿತ್ತು.

ಎದುರಿಗಿದ್ದ ಮಾದರಿ ಯಾವುದು?

ಹಾಗಾದರೆ ರಥದ ರೂಪವನ್ನು ಶಿಲ್ಪಿಗಳು ಎಲ್ಲಿಂದ ತಂದರು? ಒಂದು ಮೂಲ, ತಮಗಿಂತ ಹಿಂದಿನ ಶಿಲ್ಪಿಗಳು. ಬೇಲೂರಿನಲ್ಲಿ ತನ್ನ ಹೆಸರು ಬರೆದಿಟ್ಟಿರುವ ದಾಸೋಜ ಬಳ್ಳಿಗಾವೆಯವನು. ಅವನ ಮಗ ಚಾವಣನ ಹೆಸರೂ ಅಲ್ಲಿದೆ. ಶಿಕಾರಿಪುರದ ಬಳಿಯ ಬಳ್ಳಿಗಾವೆ ಕಲ್ಯಾಣದ ಚಾಲುಕ್ಯರ ದೊಡ್ಡ ಕಲಾಕೇಂದ್ರವಾಗಿತ್ತು. ಆ ಪರಂಪರೆಯ ಬೇರು ಇನ್ನೂ ಹಿಂದಕ್ಕೆ, ಎಂಟನೆಯ ಶತಮಾನದ ಪಟ್ಟದಕಲ್ಲಿನ ಕಂಬಗಳಿಗೆ, ಎಲ್ಲೋರದ ಕೈಲಾಸ ಗುಡಿಯ ಮಹಾಭಾರತದ ಪಟ್ಟಿಕೆಗಳಿಗೆ ಹೋಗುತ್ತದೆ. ಅಲ್ಲಿಂದಲೂ ಹಿಂದಕ್ಕೆ ಹೋದರೆ ಸಾಂಚಿಯ ತೋರಣಗಳಲ್ಲಿ ಅರದ ಚಕ್ರದ ರಥಗಳಿವೆ. ಸಾಂಚಿಯವರು ರಥವನ್ನು ಕಂಡಿದ್ದವರು. ಹೀಗೆ ಗುರುವಿನಿಂದ ಶಿಷ್ಯನಿಗೆ, ಕಲ್ಲಿನಿಂದ ಕಲ್ಲಿಗೆ ರಥ ಸಾವಿರ ವರ್ಷ ಪ್ರಯಾಣ ಮಾಡಿತು. ಮಾದರಿಯನ್ನು ನೋಡಿ ಮಾಡಿದ ಮಾದರಿ, ಅದನ್ನು ನೋಡಿ ಮಾಡಿದ ಇನ್ನೊಂದು.

ಎರಡನೆಯ ಮೂಲ ಕಾವ್ಯ. ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಬರೆದಾಗ ತಾನೂ ಕತ್ತಿ ಹಿಡಿದವನೇ. ಅವನು ಕಂಡ ಯುದ್ಧ ಆನೆ ಕುದುರೆಗಳದ್ದಾದರೂ ಅವನ ಕರ್ಣಾರ್ಜುನರು ರಥದಲ್ಲೇ ಕಾದುತ್ತಾರೆ. ಕರ್ಣನ ಕಥೆಯಿಂದ ರಥದ ಚಕ್ರವನ್ನು ತೆಗೆದರೆ ಉಳಿಯುವುದೇನು? ನೆಲ ಚಕ್ರವನ್ನು ನುಂಗಬೇಕು, ಅವನು ಬಿಲ್ಲು ಕೆಳಗಿಟ್ಟು ಇಳಿಯಬೇಕು. ದಶರಥನ ರಥದ ಕೀಲು ಕಳಚಿದಾಗ ಕೈಕೇಯಿ ಆ ಜಾಗಕ್ಕೆ ಬೆರಳು ಕೊಟ್ಟಳೆಂಬ ಜನಪದ ಕಥೆಯನ್ನು ನಮ್ಮ ಹರಿಕಥೆದಾಸರು ಇಂದಿಗೂ ಹೇಳುತ್ತಾರೆ. ಎರಡು ವರ, ರಾಮನ ವನವಾಸ ಎಲ್ಲ ಹುಟ್ಟಿದ್ದು ಒಂದು ಕಡಾಣಿ ಕೈಕೊಟ್ಟದ್ದರಿಂದ! ವಾಹನ ಕೆಟ್ಟು ನಿಂತ ಗಳಿಗೆಯಲ್ಲೇ ನಮ್ಮ ಮಹಾಕಾವ್ಯಗಳು ತಿರುವು ಪಡೆಯುತ್ತವೆ. ಇಂಥ ಕಥೆ ಕೇಳಿ ಬೆಳೆದವನು ಚಕ್ರವನ್ನು ಎಷ್ಟೇ ಚಿಕ್ಕದು ಮಾಡಿದರೂ ಉಡಾಫೆಯಿಂದ ಮಾಡಲಾರ.

ಮೂರನೆಯದು ಊರ ದಾರಿ. ಯುದ್ಧದ ರಥ ಹೋಗಿದ್ದರೂ ದೇವರ ತೇರು ಇತ್ತು, ಎತ್ತಿನ ಬಂಡಿ ಇತ್ತು. ಅಚ್ಚು, ಗುಂಬ, ನೊಗ, ಮೂಕಿ, ಕಡಾಣಿ ಇವು ಪ್ರತಿ ರೈತನ ಮನೆಯ ಮಾತು. ತೇರಿನ ಗಾಲಿ ದಪ್ಪ ಮರದ ಗಟ್ಟಿ ಗಾಲಿ. ದಖ್ಖನ್ನಿನ ಹಳ್ಳಿಗಳಲ್ಲಿ ಹಲಗೆ ಜೋಡಿಸಿದ ಗಟ್ಟಿ ಚಕ್ರದ ಬಂಡಿಗಳು 19ನೇ ಶತಮಾನದವರೆಗೂ ಓಡಾಡಿದವು. ಚಕ್ರ ಯಾವ ಬಗೆಯದಾದರೂ ಅದು ಅಚ್ಚಿನಲ್ಲಿ ಹೇಗೆ ಕೂರುತ್ತದೆ, ಕಳಚದಂತೆ ಕೀಲು ಎಲ್ಲಿ ಬೀಳುತ್ತದೆ ಎನ್ನುವುದನ್ನು ಶಿಲ್ಪಿ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಅವನ ಕಲ್ಲು ಗಣಿಯಿಂದ ಬಂದದ್ದೂ ನೆಲದ ದಾರಿಯಲ್ಲೇ ತಾನೆ.

ಆ ಕಲ್ಲಿನ ಗುಣವನ್ನೂ ಹೇಳಬೇಕು. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಬೆಣಚು ಕಲ್ಲಿನಲ್ಲಿ ಊಹಿಸಲೂ ಆಗದ ನಾಜೂಕು ಇದರಲ್ಲಿ ಸಾಧ್ಯ. ಅರ ಮತ್ತು ಅರದ ನಡುವಿನ ಕಲ್ಲನ್ನು ಸಣ್ಣ ಚಾಣದಿಂದ ಆಳಕ್ಕೆ ತೆಗೆದರೆ ಅಲ್ಲಿ ನೆರಳು ನಿಲ್ಲುತ್ತದೆ, ದೂರದಿಂದ ನೋಡಿದಾಗ ಚಕ್ರ ಬಿಡಿಯಾಗಿ ಕಾಣುತ್ತದೆ. ಆದರೆ ಪ್ಲಾಸ್ಟಿಕ್ ಮಾದರಿ ಮಾಡುವವನಿಗೆ ಇರುವ ಒಂದು ಸೌಲಭ್ಯ ಇಲ್ಲಿಲ್ಲ. ಅವನ ಕನ್ನಡಿ ಮುರಿದರೆ ಇನ್ನೊಂದನ್ನು ಅಂಟಿಸಬಹುದು. ಇಲ್ಲಿ ಇರುವುದನ್ನು ಕಡಿದು ತೆಗೆಯುತ್ತ ಹೋಗಬೇಕು. ಅರವೊಂದು ಸಿಡಿದರೆ ಆ ಚಕ್ರ ಮುಗಿಯಿತು. ಕುದುರೆ, ಸಾರಥಿ, ವೀರ ಎಲ್ಲರೂ ಸಿದ್ಧವಾದ ಮೇಲೆ ಕೊನೆಯಲ್ಲಿ ಸಿಡಿದರೆ ಆ ಶಿಲ್ಪಿಯ ಮುಖ ಹೇಗಾಗಿದ್ದಿರಬಹುದು!

ಗೋಪುರ ಹೋಯಿತು, ಮಾದರಿ ಉಳಿಯಿತು

ಹೊಯ್ಸಳರಿಗೆ ಕಿರಿದಾಗಿಸುವ ಹುಚ್ಚು ರಥಕ್ಕಷ್ಟೇ ಸೀಮಿತವಾಗಿರಲಿಲ್ಲ. ಅವರ ಗುಡಿಗಳ ಹೊರಗೋಡೆಯಲ್ಲಿ ಅರೆಗಂಬಗಳ ಮೇಲೆ ಪುಟ್ಟ ಪುಟ್ಟ ಶಿಖರಗಳಿರುತ್ತವೆ. ಅಂತಸ್ತು, ಕಲಶ ಸಮೇತ ಇಡೀ ಗೋಪುರವೇ ಅಲ್ಲಿ ಅಲಂಕಾರವಾಗಿ ಇಳಿದಿರುತ್ತದೆ. ಮೊದಲೆಲ್ಲ ರೈಲಿನಲ್ಲಿ ಅರಸೀಕೆರೆ ಜಂಕ್ಷನ್ನಿಗೆ ಬಂದು ಅಲ್ಲಿಂದ ಹಳೇಬೀಡು, ಬೇಲೂರಿಗೆ ಹೋಗುವವರಿದ್ದರು. ಅವರಲ್ಲಿ ಎಷ್ಟೋ ಮಂದಿ ಅರಸೀಕೆರೆಯಲ್ಲೇ ಇರುವ 1220ರ ಈಶ್ವರ ದೇವಾಲಯವನ್ನು ನೋಡದೆಯೇ ಬಸ್ಸು ಹತ್ತುತ್ತಿದ್ದರು ಎನ್ನುವುದು ಬೇಸರದ ಮಾತು. ಹದಿನಾರು ಮೊನೆಗಳ ನಕ್ಷತ್ರದಂತಿರುವ ಅದರ ಮುಂದಿನ ಮಂಟಪ ಹೊಯ್ಸಳರಲ್ಲೂ ಅಪರೂಪದ್ದು. ಗರ್ಭಗುಡಿಯ ಮೇಲಿನ ಶಿಖರ ಅಲ್ಲಿ ಉಳಿದುಕೊಂಡಿದೆ. ಆದ್ದರಿಂದ ಹೊಯ್ಸಳ ಗೋಡೆಗಳ ಕಿರುಶಿಖರ ಯಾವುದರ ಮಾದರಿಯೆಂದು ತಿಳಿಯಲು ಅರಸೀಕೆರೆಯಲ್ಲಿ ತಲೆಯೆತ್ತಿದರೆ ಸಾಕು.

ಬೇಲೂರಿನಲ್ಲಿ ಆ ಅನುಕೂಲವಿಲ್ಲ. ಚೆನ್ನಕೇಶವ ಗುಡಿಯ ಶಿಖರ ಶಿಥಿಲವಾಗಿ, ಕೆಳಗಿನ ಕಟ್ಟಡವನ್ನು ಉಳಿಸುವ ಸಲುವಾಗಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಇಳಿಸಲಾಯಿತು. ಈಗ ಗುಡಿಯ ತಲೆ ಬೋಳು. ಆದರೆ ಗುಡಿಯ ಮೆಟ್ಟಿಲುಗಳ ಎರಡೂ ಬದಿಯಲ್ಲಿ ಶಿಖರ ಸಹಿತವಾದ ಕಿರುಗುಡಿಗಳು ನಿಂತಿವೆ. ಇವು ಭೂಮಿಜ ಎಂಬ ಶೈಲಿಯವು. ಕಳೆದುಹೋದ ದೊಡ್ಡ ಶಿಖರವೂ ಹೀಗೇ ಇದ್ದಿರಬೇಕೆಂದು ವಿದ್ವಾಂಸರು ಊಹಿಸುವುದು ಈ ಚಿಕ್ಕ ಗುಡಿಗಳನ್ನು ನೋಡಿಯೇ. ಅಸಲು ಹೋಗಿ ನಕಲು ಉಳಿದಾಗ ನಕಲೇ ದಾಖಲೆ.

ಆದರೆ ಬೇಲೂರಿನ ಕಿರುಗುಡಿಯನ್ನು ನಂಬುವಂತೆ ಹಳೇಬೀಡಿನ ಕಿರುರಥವನ್ನು ನಂಬಬಹುದೇ? ಚರಿತ್ರೆಯನ್ನು ಓದುವವರು ಎಡವುವುದು ಇಲ್ಲಿ. ಕಿರುಗುಡಿಯನ್ನು ಕೆತ್ತಿದವನು ದೊಡ್ಡ ಗುಡಿಯನ್ನು ಕಟ್ಟುತ್ತಿದ್ದವನೇ. ಕುದುರೆಯ ರಿಕಾಪನ್ನು ಕೆತ್ತಿದವನು ಅದನ್ನು ಕಂಡವನೇ. ರಥದ ಮಟ್ಟಿಗೆ ಮಾತ್ರ ಅವನು ಕೇಳಿದವನು. ಆದ್ದರಿಂದ ಕುರುಕ್ಷೇತ್ರದ ರಥ ಹೀಗಿತ್ತು ಎನ್ನಲು ಹಳೇಬೀಡಿನ ಗೋಡೆ ಸಾಕ್ಷಿಯಾಗದು. ಹನ್ನೆರ‍ಡನೆಯ ಶತಮಾನದ ಕನ್ನಡಿಗ ಕುರುಕ್ಷೇತ್ರವನ್ನು ಹೇಗೆ ಕಲ್ಪಿಸಿಕೊಂಡಿದ್ದ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಇತ್ತೀಚೆಗೆ ಹಳೇಬೀಡಿನ ವಿಗ್ರಹವೊಂದರ ಕೈಯಲ್ಲಿರುವ ದುಂಡನೆಯ ವಸ್ತುವನ್ನು ಯಂತ್ರದ ಹಲ್ಲುಚಕ್ರವೆಂದು ತೋರಿಸಿ, ಅಂದೇ ಇಲ್ಲಿ ಯಂತ್ರಗಳಿದ್ದವೆಂದು ಸಾಧಿಸುವ ವಿಡಿಯೊಗಳು ಹರಿದಾಡುತ್ತಿವೆ. ಶಿಲ್ಪಿಯನ್ನು ಹೊಗಳುವ ಭರದಲ್ಲಿ ಅವನ ನಿಜವಾದ ಸಾಮರ್ಥ್ಯವನ್ನೇ ಕಡೆಗಣಿಸುವ ಮಾತಿದು. ಯಂತ್ರ ಬೇಕಿಲ್ಲದೆ ಚಾಣ, ಸುತ್ತಿಗೆ, ಕೈಗಳಿಂದ ಇಷ್ಟು ಮಾಡಿದನೆಂಬುದೇ ಸಾಲದೇ?

ರಥವನ್ನು ಕಲ್ಲಿಗೆ ತಂದವರು ಬೇರೆ ಕಡೆಯೂ ಇದ್ದರು. ಹೊಯ್ಸಳರ ಕಾಲದಲ್ಲೇ, 13ನೇ ಶತಮಾನದ ನಡುವೆ, ಒಡಿಶಾದ ಕೋನಾರ್ಕದಲ್ಲಿ ನರಸಿಂಹದೇವ ಇಡೀ ಸೂರ್ಯ ದೇವಾಲಯವನ್ನೇ ಇಪ್ಪತ್ತನಾಲ್ಕು ಚಕ್ರಗಳ ರಥವಾಗಿ ಕಟ್ಟಿಸಿದ. ಅಲ್ಲಿ ಚಕ್ರ ಆಳೆತ್ತರಕ್ಕೂ ಮಿಗಿಲು. ಗುಂಬದಾಚೆ ಚಾಚಿದ ಅಚ್ಚಿನ ತುದಿ, ಅದಕ್ಕೆ ತೂರಿಸಿದ ಕೀಲು ಸಹ ಕಲ್ಲಿನಲ್ಲಿವೆ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ತೇರು 16ನೇ ಶತಮಾನದ್ದು. ಅದು ಗರುಡನ ಗುಡಿ. ಅದರ ಮೇಲೆ ಇಟ್ಟಿಗೆಯ ಗೋಪುರವೂ ಇದ್ದದ್ದು 1856ರಲ್ಲಿ ಗ್ರೀನ್ಲಾ ತೆಗೆದ ಫೋಟೊದಲ್ಲಿ ಕಾಣುತ್ತದೆ. ಈಗ ತೇರಿನ ಮುಂದಿರುವ ಆನೆಗಳು ನಂತರ ತಂದಿಟ್ಟವು. ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲಗಳ ಗುರುತು ಆನೆಗಳ ಹಿಂದೆ ಇನ್ನೂ ಇದೆ. ಚತುರಂಗದ ಮಣೆಯಲ್ಲಿ ಆದಂತೆ ಇಲ್ಲೂ ಆನೆ ಬಂದು ಇನ್ನೊಬ್ಬರ ಜಾಗದಲ್ಲಿ ನಿಂತಿದೆ. ಕೋನಾರ್ಕವಾಗಲಿ ಹಂಪಿಯಾಗಲಿ ದೇವರ ತೇರು. ಉತ್ಸವದಲ್ಲಿ ಕಂಡದ್ದನ್ನು ದೊಡ್ಡದು ಮಾಡಿ ನಿಲ್ಲಿಸಿದ್ದು. ಕಾಣದ ಯುದ್ಧರಥವನ್ನು ಗೇಣಿಗೆ ಇಳಿಸಿದ ಹಳೇಬೀಡಿನ ಕೆಲಸದ ಬಗೆಯೇ ಬೇರೆ.

ಮುರಿದ ಅರಗಳು

1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರದವರೆಗೆ ಬಂತು. ಆ ಬಳಿಕ ರಾಜಧಾನಿ ಚೇತರಿಸಿಕೊಳ್ಳಲಿಲ್ಲ. ಊರು ಹಾಳಾಗಿ 'ಹಳೆಯ ಬೀಡು' ಆಯಿತು. ಹೊಯ್ಸಳೇಶ್ವರದ ಕೆಲಸ ಪೂರ್ತಿಯಾಗದೆಯೇ ನಿಂತಿತು. 1876ರಲ್ಲಿ ಪ್ರಕಟವಾದ ತನ್ನ ಭಾರತೀಯ ವಾಸ್ತು ಚರಿತ್ರೆಯಲ್ಲಿ ಜೇಮ್ಸ್ ಫರ್ಗುಸನ್ ಈ ಗುಡಿಯನ್ನು ಅಥೆನ್ಸಿನ ಪಾರ್ಥೆನಾನಿನ ಎದುರಿಟ್ಟು ತೂಗಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಹೊಯ್ಸಳ ಗುಡಿಗಳ ಬಗ್ಗೆ ಪುಸ್ತಕಗಳನ್ನೇ ಬರೆದು, ಶಿಲ್ಪಿಗಳ ಹೆಸರುಗಳನ್ನು ಕಲ್ಲಿನ ಮೇಲಿಂದ ಓದಿ ದಾಖಲಿಸಿದರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಪಟ್ಟಿಗೆ ಸೇರಿದ ಮೇಲೂ ಕೈಗೆಟಕುವ ಎತ್ತರದ ಕಲ್ಲಿಗೆ ಕೈಗಳ ಕಾಟ ತಪ್ಪಿಲ್ಲ. ಕಥೆಯ ಪಟ್ಟಿಕೆ ಇರುವುದು ಸರಿಯಾಗಿ ಬೆರಳಿಡುವ ಎತ್ತರದಲ್ಲಿ. ಪ್ರವಾಸಿಗರು ಆನೆಯ ಸೊಂಡಿಲು ಸವರುತ್ತಾರೆ, ಬಾಣದ ಮೇಲೆ ಬೆರಳಾಡಿಸುತ್ತಾರೆ, ಚಕ್ರ ತಿರುಗುವುದೇ ಎಂದು ಮುಟ್ಟಿ ನೋಡುತ್ತಾರೆ. ಹೀಗೆ ಮುಟ್ಟಿದಾಗ ಮೊದಲು ಸವೆಯುವುದು ತೆಳುವಾದ ಭಾಗಗಳು: ಬಿಲ್ಲಿನ ಹೆದೆ, ಕುದುರೆಯ ಕಿವಿ, ರಥದ ಧ್ವಜ, ಚಕ್ರದ ಅರ. ಶಿಲ್ಪಿ ಯಾವುದಕ್ಕೆ ಹೆಚ್ಚು ಹೊತ್ತು ಕೊಟ್ಟಿದ್ದನೋ ಅದೇ ಮೊದಲು ಹೋಗುತ್ತದೆ. ಧ್ವಜ ಹೋದ ರಥ ಯಾರದೆಂದು ಹೇಳುವುದು ಕಷ್ಟ.

ಇನ್ನೊಂದು ನಷ್ಟ ಗುಡಿಯ ಹೊರಗೆ ಆಗಿದೆ. ಅರಸೀಕೆರೆಯ ಕಡೆ ತೆಂಗಿನಕಾಯಿ ಹೇರಿಕೊಂಡು ಸಂತೆಗೆ ಬರುತ್ತಿದ್ದ ಮರದ ಚಕ್ರದ ಗಾಡಿಗಳು ಈಗ ಅಪರೂಪ. ಮೊದಲು ಟೈರ್ ಗಾಡಿ ಬಂತು, ಆಮೇಲೆ ಟ್ರ್ಯಾಕ್ಟರು, ಗೂಡ್ಸ್ ಆಟೊ. ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಕೂರಿಸುವ ಕುಲುಮೆಗಳು ಮುಚ್ಚಿವೆ. ಅಜ್ಜನಿಗೆ ಹಳೇಬೀಡಿನ ಪಟ್ಟಿಕೆಯಲ್ಲಿ ಅಚ್ಚು, ಗುಂಬ, ಕಡಾಣಿ ಕಾಣುತ್ತಿದ್ದವು, ಏಕೆಂದರೆ ಬೆಳಿಗ್ಗೆ ಅವಕ್ಕೆ ಎಣ್ಣೆ ಹಚ್ಚಿ ಬಂದಿರುತ್ತಿದ್ದ. ಶಾಲಾ ಪ್ರವಾಸಕ್ಕೆ ಬರುವ ಮೊಮ್ಮಗ ಅದೇ ಚಕ್ರದಲ್ಲಿ ಹೂವನ್ನು ಕಂಡು, ಫೋಟೊ ತೆಗೆದು, ಸಾಲು ತಪ್ಪದಂತೆ ಮುಂದಿನ ಮೂಲೆಗೆ ಓಡುತ್ತಾನೆ.